ಅಪಘಾತ ಪರಿಹಾರ ಕಡಿಮೆಯಾಯಿತೇ? ಹೈಕೋರ್ಟಿಗೆ ಮೇಲ್ಮನವಿ ಹೀಗೆ

ಹಾಸನ, ಚಿಕ್ಕಮಗಳೂರಿನ ಮೋಟಾರು ಅಪಘಾತ ನ್ಯಾಯಮಂಡಳಿ ಕೊಟ್ಟ ಪರಿಹಾರ ಸಾಲದಿದ್ದರೆ, ಮೋಟಾರು ವಾಹನ ಕಾಯ್ದೆ 1988ರ ಕಲಂ 173ರಡಿ ಬೆಂಗಳೂರಿನ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಬೇಕು. ಗಡುವು 90 ದಿನ. ತೀರ್ಪು ಬಂದ ದಿನವೇ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ತಡವಾದರೆ ಸಕಾರಣ ತೋರಿಸಿ ವಿಳಂಬ ಮನ್ನಾ ಕೇಳಬೇಕಾಗುತ್ತದೆ. ವಿವಾದದ ಮೊತ್ತ 1 ಲಕ್ಷಕ್ಕಿಂತ ಕಡಿಮೆಯಿದ್ದರೆ ಮೇಲ್ಮನವಿಗೆ ಅವಕಾಶವಿಲ್ಲ.

ನಕಲು ಕೈಗೆ ಬಂದೊಡನೆ ಲೆಕ್ಕದ ಪುಟ ತೆರೆಯಿರಿ. ತಪ್ಪು ಹೆಚ್ಚಾಗಿ ಅಲ್ಲೇ ಇರುತ್ತದೆ. ಮೂಡಿಗೆರೆಯ ತೋಟದಲ್ಲಿ ಏಣಿ ಹತ್ತಿ ಮೆಣಸು ಕೊಯ್ಯುವ 38 ವರ್ಷದವರೊಬ್ಬರಿಗೆ ಭುಜ ಮೇಲೇಳುತ್ತಿಲ್ಲ ಎಂದುಕೊಳ್ಳಿ. ಈ ವಯಸ್ಸಿಗೆ ಗುಣಕ, ಅಂದರೆ ವರ್ಷದ ಆದಾಯವನ್ನು ಗುಣಿಸುವ ಸಂಖ್ಯೆ, 15. ತಿಂಗಳಿಗೆ 15,000 ಆದಾಯ, ಶೇ. 20 ನ್ಯೂನತೆ ಹಿಡಿದರೆ 15,000 × 12 × 15 × 20% = 5,40,000. ಆದರೆ ಏಣಿ ಹತ್ತಲಾಗದವರ ದುಡಿಮೆಯ ನಷ್ಟ ಶೇ. 20ಕ್ಕೆ ನಿಲ್ಲುವುದಿಲ್ಲ. ವೈದ್ಯರು ಹೇಳಿದ ದೇಹದ ನ್ಯೂನತೆಯೇ ಬೇರೆ, ಗಳಿಕೆಯ ನಷ್ಟವೇ ಬೇರೆ ಎಂದು ಸುಪ್ರೀಂ ಕೋರ್ಟ್ 2010ರ ರಾಜ್‌ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಮೇಲ್ಮನವಿಯ ಮುಖ್ಯ ಆಧಾರ ಇದೇ ಆಗಲಿ.

ವೈದ್ಯರ ಸಾಕ್ಷ್ಯ, ಬಿಲ್ಲು, ಕೂಲಿ ದಾಖಲೆಗಳನ್ನು ಕೆಳಗಿನ ಹಂತದಲ್ಲೇ ಹಾಜರುಪಡಿಸಿರಬೇಕು. ಹೈಕೋರ್ಟಿನಲ್ಲಿ ಹೊಸ ಸಾಕ್ಷ್ಯ ಸೇರಿಸುವುದು ಕಷ್ಟ. ವಿಮಾ ಕಂಪನಿ ಠೇವಣಿ ಇಟ್ಟ ಹಣ ಪಡೆದುಕೊಂಡರೂ ಹೆಚ್ಚಿನ ಪರಿಹಾರ ಕೇಳುವ ಹಕ್ಕು ಹೋಗುವುದಿಲ್ಲ.