ಕಾವಲಿನವನ ಕಣ್ಣಲ್ಲಿ ದುರ್ಗದ ಕೋಟೆ ನೋಡುವುದು ಹೇಗೆ

ಚಿತ್ರದುರ್ಗದ ಕೋಟೆಗೆ ಬರುವವರು ಹೆಚ್ಚಾಗಿ ಎರಡು ಗಂಟೆಯಲ್ಲಿ ಹತ್ತಿ ಇಳಿದುಬಿಡುತ್ತಾರೆ. ಓಬವ್ವನ ಕಿಂಡಿ ಹತ್ರ ಒಂದು ಫೋಟೊ, ತುಪ್ಪದ ಕೊಳದ ಬಂಡೆ ಹತ್ರ ಇನ್ನೊಂದು. ಆಮೇಲೆ ಕೆಳಗೆ ಬಂದು ಕಬ್ಬಿನ ಹಾಲು. ಏನು ನೋಡಿದಿರಿ ಅಂತ ಕೇಳಿದರೆ "ಕಲ್ಲು, ಬರೀ ಕಲ್ಲು" ಅನ್ನುತ್ತಾರೆ. ಅವರದ್ದೇನೂ ತಪ್ಪಿಲ್ಲ. ಆ ಕಲ್ಲಿನ ಹಿಂದೆ ನಿಂತಿದ್ದ ಆಳಿಗೆ ಅಲ್ಲಿಂದ ಏನು ಕಾಣುತ್ತಿತ್ತು ಅಂತ ಅವರಿಗೆ ಯಾರೂ ತೋರಿಸಿಲ್ಲ.

ನಾನು ಮದ್ರಾಸ್ ರೆಜಿಮೆಂಟಿನಲ್ಲಿ ಹವಾಲ್ದಾರನಾಗಿದ್ದು ನಿವೃತ್ತನಾದವನು. ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ ನಮ್ಮ ತರಬೇತಿ. ಬೆಳಗ್ಗೆ ಪರೇಡು, ಮಧ್ಯಾಹ್ನ ರೆಜಿಮೆಂಟಿನ ಚರಿತ್ರೆಯ ಪಾಠ. ಆ ಪಾಠದಲ್ಲಿ ಅರ್ಧ ಜನಕ್ಕೆ ನಿದ್ದೆ, ನನಗೂ ಸೇರಿ. ಆದರೆ 9ನೇ ಬೆಟಾಲಿಯನ್ನಿನ ಕತೆ ಬಂದ ದಿನ ಎಚ್ಚರವಾಗಿದ್ದೆ. ಅದು ತಿರುವಾಂಕೂರು ಮಹಾರಾಜರ ಕಾಲಾಳು ಪಡೆಯಾಗಿತ್ತು. ತನ್ನ ಹುಟ್ಟನ್ನು 1704ರಿಂದ ಲೆಕ್ಕ ಹಾಕುತ್ತದೆ. 1741ರಲ್ಲಿ ಕೊಳಚಲ್‌ನಲ್ಲಿ ತಿರುವಾಂಕೂರಿನ ರಾಜ ಮಾರ್ತಾಂಡವರ್ಮನ ಸೈನ್ಯ ಡಚ್ಚರನ್ನು ಸೋಲಿಸಿತು. ಸೆರೆ ಸಿಕ್ಕ ಡಚ್ ಕಡೆಯ ಅಧಿಕಾರಿ ಡಿ ಲನಾಯ್ ಆಮೇಲೆ ಅದೇ ರಾಜನ ಕೆಲಸಕ್ಕೆ ಸೇರಿ, ಅದೇ ಸೈನ್ಯಕ್ಕೆ ಕವಾಯತು ಕಲಿಸಿದ. ಸೋತವನೇ ಮೇಷ್ಟ್ರಾದ! ಸ್ವಾತಂತ್ರ್ಯ ಬಂದ ಮೇಲೆ ಸಂಸ್ಥಾನಗಳ ಪಡೆಗಳು ಭಾರತದ ಸೈನ್ಯಕ್ಕೆ ಸೇರಿದವು. ತಿರುವಾಂಕೂರಿನದು 9 ಮತ್ತು 16ನೇ ಬೆಟಾಲಿಯನ್ ಆಯಿತು, ಕೊಚ್ಚಿಯದು 17, ನಮ್ಮ ಮೈಸೂರಿನದು 18.

ಅವತ್ತು ಪಕ್ಕದ ಮಂಚದ ತಿರುವನಂತಪುರದ ಹುಡುಗ ಎದೆ ಉಬ್ಬಿಸಿಕೊಂಡು ಕೇಳಿದ, "ನಿಮ್ಮೂರಲ್ಲಿ ಏನಿದೆ?" ನಾನು "ಕೋಟೆ ಇದೆ" ಅಂದೆ. "ಯಾರ ಪಡೆ ಇತ್ತು?" ಅಂದ. ನನಗೆ ಗೊತ್ತಿರಲಿಲ್ಲ. ಏಳು ಸುತ್ತಿನ ಕೋಟೆಯ ಕೆಳಗೇ ಹುಟ್ಟಿದವನು ನಾನು. ಇವತ್ತಿಗೂ ಅದು ಚುಚ್ಚುತ್ತದೆ. ರಜೆಯಲ್ಲಿ ಊರಿಗೆ ಬಂದಾಗೆಲ್ಲ ಬೆಟ್ಟ ಹತ್ತಿ, ಹಿರಿಯರನ್ನು ಕೇಳಿ, ಓದಿ ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಹೊತ್ತು. ಬೆಳಗ್ಗೆ ಬೇಗ ಹೋಗಿ. ದುರ್ಗದ ಬಂಡೆ ಹತ್ತು ಗಂಟೆ ದಾಟಿದರೆ ಕಾವಲಿಯ ಹಾಗೆ ಕಾಯುತ್ತದೆ. ಕೈಯಲ್ಲಿ ತಿಂಡಿ ಪೊಟ್ಟಣ ಬೇಡ, ಕೋತಿಗಳು ಬಿಡುವುದಿಲ್ಲ. ನೀರಿನ ಬಾಟಲಿ ಚೀಲದ ಒಳಗಿರಲಿ. ಜಾರದ ಅಟ್ಟೆಯ ಚಪ್ಪಲಿ ಅಥವಾ ಶೂ. ನಾಲ್ಕು ಗಂಟೆ ಇಟ್ಟುಕೊಳ್ಳಿ. ಅಷ್ಟೇ.

ಹತ್ತುವ ಮುಂಚೆ ತಲೆಯಲ್ಲಿ ಇಷ್ಟು ಇರಲಿ. 16ನೇ ಶತಮಾನದಲ್ಲಿ ವಿಜಯನಗರದ ಅರಸರ ಕೈಕೆಳಗೆ ತಿಮ್ಮಣ್ಣ ನಾಯಕ ಇಲ್ಲಿಗೆ ಬಂದ. ವಿಜಯನಗರ ಬಿದ್ದ ಮೇಲೆ ಅವನ ವಂಶದವರು ಸ್ವತಂತ್ರ ಪಾಳೆಯಗಾರರಾದರು. ಅವರ ಬಲವೆಲ್ಲ ಬೇಡರ ಪಡೆ. ಕುದುರೆ, ಆನೆ ಇದ್ದವು ನಿಜ. ಆದರೆ ಈ ಬಂಡೆಗಳ ಮಧ್ಯೆ ಕುದುರೆ ಏನು ಮಾಡೀತು? ಇಲ್ಲಿ ದುಡಿದದ್ದು ಕಾಲಾಳು. ಕೊನೆಯ ಮದಕರಿ ನಾಯಕ 1754ರಿಂದ 1779ರವರೆಗೆ ಆಳಿದ. 1779ರಲ್ಲಿ ಕೋಟೆ ಹೈದರಾಲಿಯ ಕೈ ಸೇರಿತು. ಮಿಕ್ಕಿದ್ದನ್ನು ಹತ್ತುತ್ತಾ ನೋಡೋಣ.

ಮೊದಲ ಬಾಗಿಲಲ್ಲಿ ಎಲ್ಲರೂ ಗೋಡೆಯ ಮೇಲಿನ ಏಳು ಹೆಡೆ ಹಾವನ್ನು ನೋಡುತ್ತಾರೆ. ನೋಡಿ, ಚೆನ್ನಾಗಿದೆ. ಆಮೇಲೆ ಬೆನ್ನು ತಿರುಗಿಸಿ, ನೀವು ಬಂದ ದಾರಿಯನ್ನೇ ನೋಡಿ. ಈ ಕೋಟೆ ನೋಡುವ ಗುಟ್ಟೆಲ್ಲ ಇರುವುದು ಇಲ್ಲೇ. ಪ್ರತಿ ಬಾಗಿಲಲ್ಲೂ ಒಳಗೆ ಹೋಗಿ, ತಿರುಗಿ, ಕಾವಲಿನವನು ನಿಲ್ಲುತ್ತಿದ್ದ ಕಡೆ ನಿಂತು ಹೊರಗೆ ನೋಡಬೇಕು. ಆಗ ದಾರಿ ನೇರವಾಗಿಲ್ಲ ಅನ್ನುವುದು ಹೊಳೆಯುತ್ತದೆ. ಬಾಗಿಲಿಗೆ ಮುಂಚೆ ಒಂದು ತಿರುವು, ದಾಟಿದ ಕೂಡಲೇ ಇನ್ನೊಂದು ತಿರುವು. ಆನೆ ಓಡಿ ಬಂದು ಕದಕ್ಕೆ ಗುದ್ದಬಾರದು ಅಂತ ಹೀಗೆ ಕಟ್ಟಿದ್ದು ಅಂತ ಗೈಡುಗಳು ಹೇಳುತ್ತಾರೆ. ಅದು ಸರಿ. ಆದರೆ ನನಗೆ ಕಾಣುವುದು ಇನ್ನೊಂದು. ಅದನ್ನು ಬಾಯಲ್ಲಿ ಹೇಳಿದರೆ ಮಕ್ಕಳಿಗೆ ಹತ್ತುವುದಿಲ್ಲ, ಆಡಿಸಿ ತೋರಿಸಬೇಕು.

ಹೋದ ಬೇಸಿಗೆಯಲ್ಲಿ ಬೆಂಗಳೂರಿನಿಂದ ಮೊಮ್ಮಗ, ಮೊಮ್ಮಗಳು ಬಂದಿದ್ದರು. ಹುಡುಗನಿಗೆ ಕೋಟೆ ಅಂದರೆ ಬೇಜಾರು. ಅವನನ್ನು ಒಂದು ಬಾಗಿಲ ಒಳಗೆ ನಿಲ್ಲಿಸಿ ಕೈಗೊಂದು ಕೋಲು ಕೊಟ್ಟೆ. ಇದು ನಿನ್ನ ಕೋವಿ ಅಂದೆ. ಅವತ್ತಿನ ಕೋವಿಗೆ ನಳಿಕೆಯ ಬಾಯಿಂದ ಮದ್ದು ಸುರಿಯಬೇಕು, ಗುಂಡು ಹಾಕಬೇಕು, ಗಜದಿಂದ ಗಿಡಿಯಬೇಕು, ಕಿವಿಗೆ ಚಿಟಿಕೆ ಮದ್ದು ಇಡಬೇಕು, ಉರಿಯುವ ಬತ್ತಿ ಮುಟ್ಟಿಸಬೇಕು. ಇದನ್ನೆಲ್ಲ ಬಾಯಲ್ಲಿ ಹೇಳುತ್ತಾ ಕೈಯಲ್ಲಿ ಮಾಡು ಅಂದೆ. ಅವನ ತಂಗಿಯನ್ನು ತಿರುವಿನಾಚೆ ನಿಲ್ಲಿಸಿದೆ. ಅಣ್ಣ "ಢಂ" ಅಂದ ಕೂಡಲೇ ಓಡಿ ಬಾ, ಅವನು ಎರಡನೇ ಸಲ "ಢಂ" ಅನ್ನುವ ಮುಂಚೆ ಅವನನ್ನು ಮುಟ್ಟಿದರೆ ನೀನು ಗೆದ್ದೆ. ಮೊದಲು ನೇರ ದಾರಿಯಲ್ಲಿ ಓಡಿಸಿದೆ. ಇವನು ಗುಂಡು ಹಾಕುವಷ್ಟರಲ್ಲಿ ಅವಳು ಬಂದು ಶರಟು ಹಿಡಿದಿದ್ದಳು. ಆಮೇಲೆ ಎರಡು ತಿರುವಿನ ದಾರಿಯಲ್ಲಿ, ಮೆಟ್ಟಿಲ ಮೇಲೆ. ಅವಳು ಏದುಸಿರು ಬಿಡುತ್ತಾ ಕೊನೇ ತಿರುವಿಗೆ ಬರುವಾಗ ಇವನು ಬತ್ತಿ ಮುಟ್ಟಿಸುತ್ತಿದ್ದ. "ಓ, ಟೈಮ್ ಸಿಗಲಿ ಅಂತ ತಿರುವು!" ಅಂದ. ಅಲ್ಲಿಂದ ಮುಂದೆ ಅವನೇ ಪ್ರತಿ ತಿರುವನ್ನೂ ನೋಡಿಕೊಂಡು ಬಂದ. ಮೊಬೈಲು ಜೇಬಿನಿಂದ ಹೊರಗೇ ಬರಲಿಲ್ಲ.

ಗೋಡೆಯ ಮೇಲಿನ ಕಿಂಡಿಗಳನ್ನೂ ಹೀಗೇ ನೋಡಿ. ಹೊರಗಿನಿಂದಲ್ಲ, ಒಳಗಿನಿಂದ. ಒಂದೊಂದಕ್ಕೂ ಕಣ್ಣಿಟ್ಟು, ಇದರಿಂದ ಯಾವ ಜಾಗ ಸಿಗುತ್ತದೆ, ಪಕ್ಕದ್ದರಿಂದ ಯಾವುದು ಅಂತ ಹೊಂದಿಸಿ. ಒಬ್ಬನಿಗೆ ಕಾಣದ್ದು ಇನ್ನೊಬ್ಬನಿಗೆ ಕಾಣುವ ಹಾಗೆ ಕಟ್ಟಿದ್ದಾರೆ. ಈ ಕೋಟೆಗೆ 19 ಹೆಬ್ಬಾಗಿಲು, 38 ದಿಡ್ಡಿ ಬಾಗಿಲು ಅಂತ ಲೆಕ್ಕ ಹೇಳುತ್ತಾರೆ. ಕಳ್ಳಗಂಡಿಗಳು ಬೇರೆ. ಒಂದೊಂದಕ್ಕೂ ಹಗಲು ರಾತ್ರಿ ಆಳು ಬೇಕು. ಪಾಳಿ ಲೆಕ್ಕ ಹಾಕಿ ನೋಡಿ, ಎಷ್ಟು ಜನ ಬೇಕಾಗುತ್ತಿತ್ತು ಅಂತ!

ಬಾಗಿಲು ದಾಟಿ ಪಕ್ಕಕ್ಕೆ ಹೋದರೆ ಮದ್ದು ಬೀಸುವ ಕಲ್ಲುಗಳ ಗುಂಡಿ. ದೊಡ್ಡ ದೊಡ್ಡ ನಾಲ್ಕು ಬೀಸುವ ಕಲ್ಲು. ಮನೆಯ ಬೀಸುಕಲ್ಲೇ, ಆದರೆ ಆಳೆತ್ತರದ್ದು. ಜನ ಇಣುಕಿ "ಅಬ್ಬಾ" ಅಂದು ಹೊರಟುಬಿಡುತ್ತಾರೆ. ಸ್ವಲ್ಪ ನಿಲ್ಲಿ. ಪೆಟ್ಲುಪ್ಪು ಮುಕ್ಕಾಲು ಪಾಲು, ಮಿಕ್ಕಿದ್ದು ಇದ್ದಿಲು ಮತ್ತು ಗಂಧಕ. ಇವನ್ನು ನುಣ್ಣಗೆ ಅರೆದರೆ ಮದ್ದು. ಒರಟಾಗಿ ಅರೆದರೆ ಬರೀ ಹೊಗೆ, ಕಿಡಿ ಹಾರಿದರೆ ಅರೆಯುವವನೇ ಇಲ್ಲ. ಕೋಟೆಯಲ್ಲಿ ಎಲ್ಲಕ್ಕಿಂತ ಧೈರ್ಯದ ಕೆಲಸ ಯಾವುದು ಅಂತ ಕೇಳಿದರೆ ನಾನು ಈ ಗುಂಡಿಯನ್ನೇ ತೋರಿಸುತ್ತೇನೆ. ಈ ಕಲ್ಲು ತಿರುಗಿಸಿದವರ ಹೆಸರು ಮಾತ್ರ ಯಾವ ಲಾವಣಿಯಲ್ಲೂ ನಾನು ಕೇಳಿಲ್ಲ.

ಇನ್ನೂ ಮೇಲೆ ಹೋದರೆ ಏಕನಾಥೇಶ್ವರಿ, ಸಂಪಿಗೆ ಸಿದ್ದೇಶ್ವರ, ಹಿಡಿಂಬೇಶ್ವರ ಗುಡಿಗಳು. ಹಿಡಿಂಬನ ಹಲ್ಲು ಅಂತ ಒಂದನ್ನು ತೋರಿಸುತ್ತಾರೆ, ಮಕ್ಕಳಿಗೆ ಇಷ್ಟವಾಗುತ್ತದೆ. ಇಲ್ಲಿ ಕೂತು ಪಡೆಯ ಪದ್ಧತಿಯ ಮಾತು ಹೇಳಿ. ಸಾವಿರದ ಎಂಟುನೂರರ ಆಚೀಚೆ ಮೈಸೂರಿನಲ್ಲಿದ್ದ ಇಂಗ್ಲಿಷ್ ಸೇನಾಧಿಕಾರಿಯೊಬ್ಬರು ಈ ಬೇಡರ ಬಗ್ಗೆ ಬರೆದಿಟ್ಟಿದ್ದಾರೆ. ಹೈದರನ ಮುತ್ತಿಗೆ ನಡೆಯುವಾಗ ಇವರು ದೇವಿಗೆ ಪೂಜೆ ಮಾಡಿ, ಕೊಂಬು ಊದಿ, ಆಮೇಲೆ ಹೊರಗೆ ನುಗ್ಗಿ, ಶತ್ರುವಿನ ತಲೆ ತಂದು ದೇವಿಯ ಮುಂದೆ ಇಡುತ್ತಿದ್ದರಂತೆ. ಕೋಟೆ ಬಿದ್ದಾಗ ಗುಡಿಯ ಎದುರು ಅಂಥ ಎರಡು ಸಾವಿರ ತಲೆಗಳು ಸಾಲಾಗಿದ್ದವಂತೆ. ಇದನ್ನು ಸಣ್ಣ ಮಕ್ಕಳಿಗೆ ಹೇಳಬೇಡಿ, ನಾನು ಹೇಳಿ ಮಗಳ ಹತ್ರ ಬೈಸಿಕೊಂಡಿದ್ದೇನೆ. ನನಗೆ ಆಶ್ಚರ್ಯ ತಲೆಗಳದ್ದಲ್ಲ, ಕೊಂಬಿನದ್ದು. ಬರುತ್ತಿದ್ದೇವೆ ಅಂತ ಊದಿ ಹೇಳಿಯೇ ನುಗ್ಗುವುದು! ನಮ್ಮಲ್ಲಿ ರಾತ್ರಿ ದಾಳಿಗೆ ಹೊರಟಾಗ ಒಬ್ಬನ ತಟ್ಟೆ ಸದ್ದಾದರೂ ಸುಬೇದಾರರು ಹುರಿದು ಮುಕ್ಕುತ್ತಿದ್ದರು.

ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ ನೋಡುವಾಗ ಮಳೆ ನೀರಿನ ದಾರಿ ಹಿಡಿಯಿರಿ. ಮೇಲಿನದು ತುಂಬಿದರೆ ಕೆಳಗಿನದಕ್ಕೆ, ಅಲ್ಲಿಂದ ಊರೊಳಗಿನ ಸಿಹಿನೀರು ಹೊಂಡ, ಸಂತೆ ಹೊಂಡಕ್ಕೆ. ಹೊಂಡ, ಕಣಜ, ಎಣ್ಣೆ ಕೊಳ ಇವಿಷ್ಟೂ ಇದ್ದದ್ದಕ್ಕೇ ಹೈದರ್ ಸುಮ್ನೆ ಕಾದು ಕೂತರೂ ಒಳಗಿನವರು ಬಗ್ಗಲಿಲ್ಲ.

ಈಗ ಓಬವ್ವನ ಕಿಂಡಿ. ಜನ ಜಾಸ್ತಿ ಇದ್ದರೆ ಕಾಯಿರಿ, ಖಾಲಿಯಾದ ಮೇಲೆ ಹೋಗಿ. ಕತೆ ನಿಮಗೆ ಗೊತ್ತೇ ಇದೆ. ಕಾವಲಿನ ಕಹಳೆ ಮುದ್ದಹನುಮ ಊಟಕ್ಕೆ ಹೋದ. ಹೆಂಡತಿ ಓಬವ್ವ ತಣ್ಣೀರು ದೋಣಿ ಅನ್ನುವ ನೀರಿನ ಸೆಲೆಯಿಂದ ನೀರು ತರಲು ಬಂದಳು. ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರನ ಸೈನಿಕರನ್ನು ಕಂಡು ಒನಕೆ ಎತ್ತಿದಳು. ನೀವು ಒಮ್ಮೆ ಆ ಕಿಂಡಿಯಲ್ಲಿ ನುಸುಳಿ ಬನ್ನಿ. ಮೊದಲು ಹೊರಗೆ ಬರುವುದು ತಲೆ. ಕೈ ಇನ್ನೂ ಹಿಂದೆಯೇ ಇರುತ್ತದೆ, ಕತ್ತಿ ಎತ್ತಲು ಜಾಗವಿಲ್ಲ. ಹಿಂದಿನವನಿಗೆ ಮುಂದೆ ಏನಾಯಿತು ಅಂತ ಕಾಣುವುದೂ ಇಲ್ಲ. ಬಂದವರನ್ನು ಪಕ್ಕಕ್ಕೆ ಎಳೆದು ಹಾಕಿದರೆ ಸಾಕು, ಮುಂದಿನವನು ತಾನಾಗೇ ಬರುತ್ತಾನೆ. ಒನಕೆಯಿಂದ ಹೇಗೆ ಸಾಧ್ಯ ಅನ್ನುವವರಿಗೆ ನಾನು ಉತ್ತರ ಹೇಳುವುದಿಲ್ಲ, ನುಸುಳಿಸುತ್ತೇನೆ.

ಇನ್ನೊಂದು ಮಾತು. ಸೈನ್ಯದಲ್ಲಿ ಬದಲಿ ಆಳು ಬರುವ ತನಕ ಪೋಸ್ಟು ಬಿಡುವ ಹಾಗಿಲ್ಲ. ಮುದ್ದಹನುಮನಿಗೆ ಬದಲಿ ಆಳು ಇರಲಿಲ್ಲ. ಹೆಂಡತಿಯೇ ಬದಲಿಯಾದಳು. ಛಲವಾದಿ ಮನೆತನದ ಹೆಣ್ಣುಮಗಳು ಅವಳು. ಅವಳ ಹೆಸರು ಯಾವ ಹಾಜರಿ ಪಟ್ಟಿಯಲ್ಲೂ ಇದ್ದಿರಲಾರದು. ಇವತ್ತು ಊರಿನ ಕ್ರೀಡಾಂಗಣಕ್ಕೆ ಅವಳದೇ ಹೆಸರು. ಇದನ್ನೆಲ್ಲ ಮೊಮ್ಮಗಳಿಗೆ ಹೇಳಿ, ನೀನು ಇಲ್ಲಿ ಕಾವಲು ನಿಲ್ಲು, ಈಗ ಬಂದೆ ಅಂತ ಹುಡುಗನನ್ನು ಕರೆದುಕೊಂಡು ತಣ್ಣೀರು ದೋಣಿ ನೋಡಲು ಹೋದೆ. ಅಲ್ಲಿ ಹಳೇ ಪರಿಚಯದವರು ಸಿಕ್ಕಿ ಮಾತು ಬೆಳೆಯಿತು. ವಾಪಸು ಬಂದರೆ ಅವಳು ಬಿಸಿಲಲ್ಲಿ ಕೆಂಪಗಾಗಿ, ಕೋಲು ಹಿಡಿದು ನಿಂತೇ ಇದ್ದಾಳೆ. ಯಾರೋ ಟೂರಿಸ್ಟ್ ಹೆಂಗಸು "ನೆರಳಿಗೆ ಬಾರಮ್ಮ" ಅಂದಿದ್ದಕ್ಕೆ "ಬದಲಿ ಬಂದಿಲ್ಲ ಆಂಟಿ" ಅಂದಳಂತೆ. ಮಕ್ಕಳಿಗೆ ಆಟ ಕೊಟ್ಟರೆ ಬೇಗ ವಾಪಸು ಬನ್ನಿ.

ಕತೆ ಹೇಳುವಾಗ ಒಂದು ಎಚ್ಚರ. ಖಾತ್ರಿ ಇಲ್ಲದ್ದನ್ನು ಜೋರಾಗಿ ಹೇಳಬೇಡಿ. ಒಮ್ಮೆ ಮದುವೆಗೆ ಬಂದ ನೆಂಟರ ದಂಡಿಗೇ "1918ರಲ್ಲಿ ಈಗಿನ ಇಸ್ರೇಲಿನ ಹೈಫಾ ಪಟ್ಟಣ ಗೆದ್ದವರು ನಮ್ಮ ಮೈಸೂರಿನ ಕಾಲಾಳುಗಳು" ಅಂದುಬಿಟ್ಟೆ. ಹಿಂದೆ ನಿಂತಿದ್ದ ಹೈಸ್ಕೂಲು ಹುಡುಗಿ "ತಾತ, ಅವರು ಮೈಸೂರು ಲ್ಯಾನ್ಸರ್ಸ್, ಕುದುರೆ ಪಡೆ" ಅಂದಳು. ಕುದುರೆ ಪಡೆಯೇ, ಜೋಧಪುರದವರ ಜೊತೆ. ಹವಾಲ್ದಾರನ ಮಾನ ಅವತ್ತು ಮೆಟ್ಟಿಲ ಮೇಲೆ ಉರುಳಿಹೋಯಿತು.

ಇಳಿಯುವ ಮುಂಚೆ ಬತೇರಿಯಂಥ ಎತ್ತರದ ಜಾಗದಲ್ಲಿ ಕೂತು ಬಯಲು ನೋಡಿ. ಪಶ್ಚಿಮಕ್ಕೆ, ದಾವಣಗೆರೆ ಕಡೆ ಮಾಯಕೊಂಡ. 1747-48ರ ಕಾಳಗದಲ್ಲಿ ಹಿರೇ ಮದಕರಿ ನಾಯಕ ಅಲ್ಲಿ ಆನೆಯ ಮೇಲೆ ಸತ್ತ. ಈ ಗೋಡೆಗಳ ಹಿಂದೆ ಸೋಲದ ಪಡೆ ಬಯಲಿನಲ್ಲಿ ಸೋತಿತು. ದಕ್ಷಿಣಕ್ಕೆ ಶ್ರೀರಂಗಪಟ್ಟಣ. 1779ರಲ್ಲಿ ಕೋಟೆ ಬಿದ್ದ ಮೇಲೆ ಕೊನೆಯ ಮದಕರಿ ನಾಯಕನನ್ನು ಅಲ್ಲಿಗೆ ಒಯ್ದರು. ಅವನ ಹಿಂದೆ 20,000ದಷ್ಟು ಬೇಡರನ್ನು ಮನೆಮಠ ಬಿಡಿಸಿ ಅದೇ ದಾರಿಯಲ್ಲಿ ಸಾಗಿಸಿದರು. ವಯಸ್ಸಿಗೆ ಬಂದ ಹುಡುಗರನ್ನು ಆರಿಸಿ, ಮತ ಬದಲಿಸಿ, ಕವಾಯತು ಕಲಿಸಿ ಚೇಲಾ ಪಟಾಲಂ ಕಟ್ಟಿದರು. ಡಿ ಲನಾಯ್ ಸೋತು ಮೇಷ್ಟ್ರಾದ, ಇವರು ಸೋತು ಶಿಷ್ಯರಾದರು. ಚೇಲಾ ಅಂದರೆ ಶಿಷ್ಯ ಅಂತಲೇ ಅರ್ಥ. ವೆಲ್ಲಿಂಗ್ಟನ್ನಿನ ಆ ಹುಡುಗನಿಗೆ ಅವತ್ತು ನಾನು ಹೇಳಬೇಕಿದ್ದ ಉತ್ತರ ಇದು.

ಇದನ್ನು ಕೇಳಿ ಮೊಮ್ಮಗ "ನಡೆದುಕೊಂಡು ಹೋದ್ರಾ ತಾತ?" ಅಂದ. ಇನ್ನೂರು ಕಿಲೋಮೀಟರಿಗೂ ಜಾಸ್ತಿ ದಾರಿ. ಹೌದಪ್ಪ ಅಂದೆ. ಅವನು ಬಾಟಲಿಯಲ್ಲಿ ಉಳಿದ ನೀರನ್ನು ಎತ್ತಿ ನೋಡಿ, ಒಂದು ಗುಟುಕು ಕುಡಿದು, ಮಿಕ್ಕಿದ್ದನ್ನು ತಂಗಿಗೆ ಕೊಟ್ಟ.

ಇಳಿಯುವಾಗ ಅಡ್ಡಡ್ಡ ಹೆಜ್ಜೆ ಇಡಿ, ಮಂಡಿ ನೋಯುವುದಿಲ್ಲ. ಕೆಳಗೆ ಮಂಡಕ್ಕಿ ಮಿರ್ಚಿ ಸಿಗುತ್ತದೆ.