ಮಾಗಡಿ ಕೆರಿಗೆ ಹಕ್ಕಿ ನೋಡಾಕ ಹೊಂಟೀರೇನು? ಮೊದಲ ಇಷ್ಟು ಓದ್ಕೊಳ್ರಿ

ಇದು ಬೆಂಗಳೂರು ಕಡೆ ಮಾಗಡಿ ಅಲ್ರಿ ಮತ್ತ, ನಮ್ಮ ಗದಗ ಜಿಲ್ಲಾದಾಗ ಶಿರಹಟ್ಟಿ ತಾಲೂಕಿನ ಮಾಗಡಿ. ಮ್ಯಾಪ್‌ನ್ಯಾಗ ಬರೇ ಮಾಗಡಿ ಅಂತ ಹೊಡದ್ರ ಅದು ಸೀದಾ ಬೆಂಗಳೂರು ಕಡೆ ತೋರಸ್ತೈತಿ, ಅದಕ್ಕ ಮಾಗಡಿ ಕೆರೆ ಗದಗ ಅಂತ ಪೂರ್ತಿ ಹಾಕ್ರಿ. ಗದಗದಿಂದ ಲಕ್ಷ್ಮೇಶ್ವರ ರೋಡಿಗೆ ಸುಮಾರು 26 ಕಿಲೋಮೀಟರ್, ಲಕ್ಷ್ಮೇಶ್ವರದಿಂದ ಆದ್ರ ಇನ್ನೂ ಹತ್ರ.

ಈ ಕೆರಿ ವರ್ಷಾ ಇದ್ದಂಗ ಇರಂಗಿಲ್ಲ, ಎಲ್ಲಾಕ್ಕಿಂತ ಮೊದಲ ತಿಳ್ಕೊಬೇಕಾದ್ದು ಅದ. ಹೊಲಕ್ಕ ನೀರು ಬೇಕಂತ ಮಳಿ ನೀರು ಹಿಡಿಯಾಕ ಮಂದಿ ಕಟ್ಟಿದ ಕೆರಿ ಅದು, ಹೊಳಿ ಇಲ್ಲ ಕಾಲುವಿ ಇಲ್ಲ ಅಂದ್ಕೊಂಡ ಲೆಕ್ಕಾ ಹಾಕ್ರಿ, ಮ್ಯಾಲಿಂದ ಬಿದ್ದದ್ದ ನೀರು. ನಮ್ಮ ಬಯಲಸೀಮಿ ಮಳಿ ನಿಮಗ ಗೊತ್ತ ಐತಿ, ಮುಂಗಾರಿ ಕೈ ಕೊಟ್ರ ಹಿಂಗಾರಿ ಮ್ಯಾಲೆ ಆಸೆ, ಅದೂ ಹೋದ್ರ ಕೆರ್ಯಾಗ ಕುರಿ ಮೇಯ್ತಾವ. ಅದಕ್ಕ ಸೆಪ್ಟೆಂಬರ್ ಅಕ್ಟೋಬರ್‌ನ್ಯಾಗ ಆ ಕಡೆ ಮಳಿ ಹೆಂಗಾತು ಅಂತ ವಿಚಾರಿಸಿ ಆಮ್ಯಾಲೆ ಪ್ಲಾನ್ ಮಾಡ್ರಿ. ಲಕ್ಷ್ಮೇಶ್ವರ ಕಡೆ ಯಾರರ ಪರಿಚಯದವ್ರಿದ್ರ ಫೋನ್ ಹಚ್ಚಿ ಎರಡೂ ಕೇಳ್ರಿ: ನೀರು ಐತೇನ್ರಿ, ಹಕ್ಕಿ ಬಂದಾವೇನ್ರಿ. ನೀರಿದ್ದೂ ಹಕ್ಕಿ ತಡಾ ಮಾಡೋದು ಇರ್ತೈತಿ. ಮತ್ತ ದಂಡಿ ತನ ತುಂಬಿದ ಕೆರಿ ಫೋಟೋಕ್ಕ ಛಂದ, ಆದ್ರ ಹಕ್ಕಿ ನೋಡಾಕ ನನಗಂತೂ ಸ್ವಲ್ಪ ಇಳಿದ ನೀರ ಬೇಷಿ, ಅಂಚಿನ್ಯಾಗ ಕೆಸರು ಬಿಚ್ಕೊಂಡಾಗ ಸಣ್ಣ ಉದ್ದಗಾಲಿನ ಹಕ್ಕಿನೂ ಕಾಣಸ್ತಾವ.

ಎಲ್ಲಾರೂ ಹೋಗೋದು ಪಟ್ಟೆತಲೆ ಹೆಬ್ಬಾತು ಸಲುವಾಗಿ. ಬಿಳಿ ತಲಿ, ಹಿಂದ ಎರಡು ಕರಿ ಪಟ್ಟಿ, ಹಳದಿ ಕೊಕ್ಕು, ಹಳದಿ ಕಾಲು, ಒಮ್ಮೆ ನೋಡಿದ್ರ ಮರಿಯಂಗಿಲ್ಲ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ ಚಳಿಗಾಲಕ್ಕ ಹಿಮಾಲಯ ದಾಟಿ ಇಳೀತಾವ, ಟ್ರ್ಯಾಕರ್ ಕಟ್ಟಿ ನೋಡಿದಾಗ 7,000 ಮೀಟರ್‌ಕ್ಕಿಂತ ಮ್ಯಾಲೂ ಹಾರಿದ್ದು ಸಿಕ್ಕೈತಿ. ದಕ್ಷಿಣ ಭಾರತದಾಗ ಇವು ಚಳಿಗಾಲ ಕಳಿಯೋ ದೊಡ್ಡ ಜಾಗಾದಾಗ ಮಾಗಡಿನೂ ಒಂದು. 2024ರ ಜನವರಿಯಾಗ ರಾಮ್ಸಾರ್ ಪಟ್ಟಿಗೆ, ಅಂದ್ರ ಜಗತ್ತಿನ ಮುಖ್ಯ ಜೌಗು ಜಾಗಾಗಳ ಪಟ್ಟಿಗೆ, ಸೇರ್ತು, ಸುಮಾರು 50 ಹೆಕ್ಟೇರ್ ಅಷ್ಟ ಕೆರಿ, ಅದ್ರಾಗ 166 ಜಾತಿ ಹಕ್ಕಿ ದಾಖಲಾಗ್ಯಾವ, 130 ವಲಸೆ ಬರೋವು. ನವೆಂಬರ್‌ದಿಂದ ಫೆಬ್ರುವರಿ ತನ ಹೋಗಬಹುದು, ಡಿಸೆಂಬರ್ ಜನವರಿ ಬೆಸ್ಟ್.

ಈಗ ಟೈಮಿಂಗ್. ಬಾಳ ಮಂದಿ ಎಡವೋದು ಇಲ್ಲೇ. ಹುಬ್ಬಳ್ಯಾಗ ಆರಾಮ ನಾಷ್ಟಾ ಮಾಡಿ ಹೊಂಟು ಹನ್ನೊಂದಕ್ಕ ಮುಟ್ಟಿ, ಬಿಸಲಾಗ ದೂರ ನೀರಿನ ನಡುವ ಬೂದಿ ಬಣ್ಣದ ಚುಕ್ಕಿ ನೋಡಿ ಏನೂ ಇಲ್ಲಪಾ ಅಂತ ವಾಪಸ್ ಬರ್ತಾರ. ಹೆಬ್ಬಾತು ಹಗಲೊತ್ತಿನ್ಯಾಗ ಕೆರ್ಯಾಗ ಕುಂತು ರೆಸ್ಟ್ ಮಾಡ್ತಾವ, ಹೊಟ್ಟಿ ತುಂಬಿಸ್ಕೊಳ್ಳೋದು ಸಂಜಿ ಮ್ಯಾಲೆ, ರಾತ್ರಿ, ನಸುಕಿನ್ಯಾಗ ಸುತ್ತಲಿನ ಕಡ್ಲಿ, ಶೇಂಗಾ, ಜ್ವಾಳದ ಹೊಲದಾಗ. ಹಂಗಾಗಿ ನೋಡಬೇಕಾದ್ದು ಅವು ಮುಂಜಾನೆ ಸಾಲು ಕಟ್ಟಿ ಹೊಲದಿಂದ ಕೆರಿಗೆ ಬರೋದು, ಇಲ್ಲಾ ಸಂಜಿಕೆ ಎದ್ದು ಹೋಗೋದು. ಹೊತ್ತು ಮೂಡೂದ್ರಾಗ ಕೆರಿ ಒಡ್ಡಿನ ಮ್ಯಾಲಿರ್ರಿ, ಅದೂ ಸೂರ್ಯ ನಿಮ್ಮ ಬೆನ್ನಿಗೆ ಬರೋ ಕಡೆ, ಇಲ್ಲಂದ್ರ ಎಲ್ಲಾ ಕರ್‍ರಗ ಕಾಣಸ್ತೈತಿ. ಮೊದಲ ಆವಾಜ್ ಬರ್ತೈತಿ, ಆಮ್ಯಾಲೆ ಸಾಲು.

ಬಸ್ಸು ನಂಬಿ ಅಷ್ಟು ಮುಂಜಾನೆ ಮುಟ್ಟೋದು ಕಷ್ಟ. ಗದಗ–ಲಕ್ಷ್ಮೇಶ್ವರ ಬಸ್ಸು ಓಡಾಡ್ತಾವ, ಹುಬ್ಬಳ್ಳಿಯಿಂದ ಲಕ್ಷ್ಮೇಶ್ವರಕ್ಕೂ ಅದಾವ, ಹಗಲಿಗೆ ಚಿಂತಿಲ್ಲ, ಆದ್ರ ಮುಂಜಾನಿ ಶೋ ನೋಡಬೇಕಂದ್ರ ಹಿಂದಿನ ರಾತ್ರಿ ಗದಗದಾಗ ಇಲ್ಲಾ ಲಕ್ಷ್ಮೇಶ್ವರದಾಗ ಉಳಿಯೋದ ಚಲೋ. ಬೈಕ್ ಮ್ಯಾಲೆ ಹೋಗೋರು ಕಿವಿಗೆ ಟವೆಲ್ ಸುತ್ತಿಕೊಳ್ರಿ, ಡಿಸೆಂಬರ್ ಚಳಿ ಸಣ್ಣದಿರಂಗಿಲ್ಲ. ಮತ್ತ ಟಾರ್ ರೋಡ್ ಬಿಟ್ಟು ಪೊದಿ ಕಡೆ ಗಾಡಿ ಹಾಕಬ್ಯಾಡ್ರಿ, ಬಳ್ಳಾರಿ ಜಾಲಿ ಮುಳ್ಳು ಟೈರಿಗೆ ಹೊಕ್ರ ಪಂಕ್ಚರ್ ಅಂಗಡಿ ಹುಡುಕೋದ್ರಾಗ ಹಕ್ಕಿ ಮುಗದಿರ್ತಾವ.

ಕೆರಿ ಅಂಚಿನ ಬಗ್ಗೆ ಹುಷಾರ್. ನೀರು ಹಿಂದ ಸರದ ಜಾಗಾ ಮ್ಯಾಲೆ ಬಿರಕು ಬಿಟ್ಟು ಒಣಗಿದ ಹಪ್ಪಳದಂಗ ಕಾಣಸ್ತೈತಿ, ಕಾಲಿಟ್ರ ಕೆಳಗ ಹುದಲು, ಚಪ್ಪಲಿ ಅಲ್ಲೇ ಬಿಟ್ಟು ಬರಬೇಕು. ಸಣ್ಣ ಹುಡುಗ್ರು ಇದ್ರಂತೂ ಕೈ ಬಿಡಬ್ಯಾಡ್ರಿ. ಹಂಗ ಕಡ್ಲಿ ಹೊಲದಾಗೂ ಇಳೀಬ್ಯಾಡ್ರಿ, ಒಂದು ಅದು ಯಾರದರ ಬೆಳಿ, ಮೊದಲ ಹಕ್ಕಿ ಮೇದು ರೈತರು ತಲಿ ಕೆಟ್ಟಿರ್ತಾರ, ಅದ್ರ ಮ್ಯಾಲೆ ನೀವೂ ತುಳದ್ರ ಬೈಸ್ಕೊಳ್ಳೋದು ಗ್ಯಾರಂಟಿ. ಇನ್ನೊಂದು, ನಸುಕಿನ್ಯಾಗ ಕಡ್ಲಿ ಗಿಡದ ಮ್ಯಾಲಿನ ಇಬ್ಬನಿ ಹುಳಿ ಇರ್ತೈತಿ, ಪ್ಯಾಂಟ್ ತೊಯ್ದು ಕಾಲು ಕಡೀತಾವ.

ಹಕ್ಕಿಗೆ ಎಷ್ಟು ಹತ್ರ ಹೋಗಬೇಕು ಅಂತ ಕೇಳ್ತಾರ. ಲೆಕ್ಕಾ ಸಿಂಪಲ್ ಐತಿ, ಕುಂತ ಹಿಂಡು ನೋಡ್ಕೋತ ಇರ್ರಿ, ತಲಿ ತಗ್ಗಿಸಿಕೊಂಡು, ರೆಕ್ಕಿ ಸಂದ್ಯಾಗ ಕೊಕ್ಕು ಇಟ್ಕೊಂಡು ಆರಾಮ ಇದ್ರ ನೀವು ದೂರ ಅದೀರಿ. ಒಂದೊಂದ ಕುತ್ತಿಗಿ ನೆಟ್ಟಗ ಎದ್ದು ನಿಮ್ಮ ಕಡೆ ತಿರುಗಾಕ ಹತ್ತಿದ್ವು ಅಂದ್ರ ಅಲ್ಲೇ ನಿಲ್ರಿ, ಇನ್ನ ನಾಲ್ಕು ಹೆಜ್ಜಿ ಮುಂದ ಹೋದ್ರ ಇಡೀ ಹಿಂಡು ಏಳ್ತೈತಿ. ರೀಲ್ಸ್ ಸಲುವಾಗಿ ಚಪ್ಪಾಳಿ ಹೊಡದು ಎಬ್ಬಸೋರನ್ನ ನೋಡಿದ್ರ ನನಗ ಪಿತ್ತ ನೆತ್ತಿಗೇರತೈತಿ, ರಾತ್ರಿ ಎಲ್ಲಾ ಮೇದು ಮಲಗಾಕ ಬಂದಾವ ಅವು. ಡ್ರೋನ್ ಮನ್ಯಾಗ ಇಟ್ಟು ಬರ್ರಿ. ಅರಣ್ಯ ಇಲಾಖೆಯವ್ರು ಅಲ್ಲಿದ್ರ ಮಾತಾಡಸ್ರಿ, ಆ ದಿನ ಹಿಂಡು ಯಾವ ಕಡೆ ಕುಂತೈತಿ ಅನ್ನೋದು ಅವರಿಗೆ ಗೊತ್ತಿರ್ತೈತಿ. ಬೈನಾಕ್ಯುಲರ್ ಯಾರ ಕಡೆಯಿಂದರ ಇಸ್ಕೊಂಡು ಒಯ್ರಿ, ಮೊಬೈಲ್ ಝೂಮ್ ಏನೂ ಕೆಲಸಕ್ಕ ಬರಂಗಿಲ್ಲ.

ನೀರು, ಬುತ್ತಿ ನಿಮ್ಮದ ಇರ್ಲಿ, ಕೆರಿ ದಂಡಿಗೆ ಹೋಟೆಲ್ ಸಿಗತೈತಿ ಅಂತ ಹೋಗಬ್ಯಾಡ್ರಿ. ಎರಡು ಕಟಕ ರೊಟ್ಟಿ, ಶೇಂಗಾ ಹಿಂಡಿ ಇದ್ರ ಮುಂಜಾನಿ ಮುಗೀತು. ಎಳ್ಳಮಾಸಿ ಆಸುಪಾಸು ಹೋದ್ರಿ ಅಂದ್ರ ಹೊಲದಾಗ ಚರಗಾ ಚೆಲ್ಲಾಕ ಬಂದ ಮಂದಿ ಬರ್ರಿ ಊಟಕ್ಕ ಅಂತ ಕರದ್ರ ಒಲ್ಲೆ ಅನಬ್ಯಾಡ್ರಿ.

ಒಂಬತ್ತು ಹತ್ತಕ್ಕ ಬಿಸಲು ಏರಿ ನೀರು ಮಿಂಚಾಕ ಹತ್ತಿದ ಮ್ಯಾಲೆ ಅಲ್ಲೇ ಕುಂದ್ರೋದ್ರಾಗ ಅರ್ಥ ಇಲ್ಲ. ಲಕ್ಷ್ಮೇಶ್ವರಕ್ಕ ಹೋಗಿ ಸೋಮೇಶ್ವರ ಗುಡಿ, ಶಂಖ ಬಸದಿ ನೋಡಿ, ಖಾನಾವಳ್ಯಾಗ ಉಂಡು, ನಾಲ್ಕೂವರಿಗೆ ತಿರುಗಿ ಕೆರಿಗೆ ಬರ್ರಿ. ಆ ವರ್ಷ ಕೆರಿ ಬತ್ತೈತಿ ಅಂತ ಫೋನಿನ್ಯಾಗ ಗೊತ್ತಾದ್ರ ಅದ ಭಾಗದ ಶೆಟ್ಟಿಕೇರಿ ಕೆರಿ ಬಗ್ಗೆನೂ ಒಂದ್ ಮಾತು ಕೇಳ್ರಿ, ಅಲ್ಲೂ ಹೆಬ್ಬಾತು ಇಳೀತಾವ. ಅದೂ ಇಲ್ಲಂದ್ರ ಕಪ್ಪತಗುಡ್ಡ ಹತ್ರಿ, ಇಲ್ಲಾ ಲಕ್ಕುಂಡಿಗೆ ಹೋಗ್ರಿ, ಹಕ್ಕಿ ಮುಂದಿನ ವರ್ಷ ನೋಡಿದ್ರಾತು.