ತಂತಿ ಬ್ರಷ್ ಕೆಳಗಿಡಿ: ಯುದ್ಧಕಾಲದ ವಾಹನ ಉಪಕರಣಗಳನ್ನು ಗುರುತಿಸುವ ಬಗೆ

ಎರಡನೇ ಮಹಾಯುದ್ಧದ ಕಾಲದ ಸ್ಪ್ಯಾನರ್ ಕೈಗೆ ಸಿಕ್ಕರೆ ಹೊಸ ಸಂಗ್ರಾಹಕರಲ್ಲಿ ಹೆಚ್ಚಿನವರು ಮೊದಲು ಹುಡುಕುವುದು ತಂತಿ ಬ್ರಷ್ಷನ್ನು. ನಾಲ್ಕು ಸಲ ಉಜ್ಜಿದರೆ ತುಕ್ಕು ಹೋಗುತ್ತದೆ ನಿಜ. ಅದರ ಜೊತೆಗೇ ತಯಾರಕರ ಮೊಹರು, ಇಸವಿ, ಸೇನೆ ಬಳಿದ ಬಣ್ಣ ಎಲ್ಲವೂ ಹೋಗುತ್ತವೆ. ಆಮೇಲೆ ಉಳಿಯುವುದು ಗುರುತು ಪರಿಚಯವಿಲ್ಲದ ಕಬ್ಬಿಣದ ತುಂಡು. ಹಾಗೆ ಹಾಳಾದ ಉಪಕರಣಗಳನ್ನು ಕಂಡು ಕಂಡು ಬೇಸರವಾಗಿದೆ. ಆದ್ದರಿಂದ ಕ್ರಮವಾಗಿ ಹೇಳುತ್ತೇನೆ.

ಮೊದಲು, ಒಂದೇ ವಾಹನವನ್ನು ಆರಿಸಿಕೊಳ್ಳಿ. ಜೀಪ್‌ನಿಂದ ಆರಂಭಿಸುವುದೇ ಸರಿ. ಈ ಜೀಪನ್ನು ಎರಡು ಕಂಪನಿಗಳು ತಯಾರಿಸಿದವು: ವಿಲ್ಲಿಸ್ ಕಂಪನಿಯ ಎಂಬಿ ಮತ್ತು ಫೋರ್ಡ್ ಕಂಪನಿಯ ಜಿಪಿಡಬ್ಲ್ಯು ಮಾದರಿಗಳು ಸೇರಿ 1941ರಿಂದ 1945ರವರೆಗೆ ಆರು ಲಕ್ಷಕ್ಕೂ ಹೆಚ್ಚು ತಯಾರಾದವು. ಉಪಕರಣಗಳೂ ಅಷ್ಟೇ ಹೇರಳ. ಏನನ್ನಾದರೂ ಕೊಳ್ಳುವ ಮೊದಲು ಅಮೆರಿಕದ ಸೇನೆ 1944ರಲ್ಲಿ ಹೊರತಂದ ಟಿಎಂ 9-803 ಕೈಪಿಡಿಯನ್ನು ಓದಿ. ಜೀಪ್‌ನ ಉಪಕರಣಗಳ ಚೀಲದಲ್ಲಿ ಯಾವ ಸುತ್ತಿಗೆ, ಯಾವ ಸ್ಪ್ಯಾನರ್‌ಗಳು ಇರಬೇಕಿತ್ತು ಎಂಬುದು ಅದರಲ್ಲಿದೆ. 'ಎಲ್ಲ ಸೇನೆಗಳ ಎಲ್ಲವೂ ಬೇಕು' ಎಂದು ಹೊರಟವರ ಮನೆ ತುಂಬುತ್ತದೆ, ತಿಳಿವಳಿಕೆ ಬೆಳೆಯುವುದಿಲ್ಲ.

ಶೆಲ್, ಗ್ರೆನೇಡ್, ಅವುಗಳನ್ನು ಸಿಡಿಸುವ ಫ್ಯೂಸ್‌ಗಳನ್ನು ಮುಟ್ಟಬೇಡಿ. ಕಂಡರೆ ದೂರ ಸರಿದು ಪೊಲೀಸರಿಗೆ ತಿಳಿಸಿ. ಕತ್ತಲಲ್ಲಿ ಹೊಳೆಯಲೆಂದು ಬಣ್ಣ ಬಳಿದ ಹಳೆಯ ದಿಕ್ಸೂಚಿ ಮತ್ತು ಮೀಟರ್‌ಗಳ ಗಾಜನ್ನು ಬಿಚ್ಚಬೇಡಿ. ಆ ಬಣ್ಣದಲ್ಲಿ ರೇಡಿಯಂ ಇರಬಹುದು. ಹೊಳಪು ಆರಿಹೋದರೂ ವಿಕಿರಣ ಆರುವುದಿಲ್ಲ. ರೇಡಿಯಂ ಅರ್ಧದಷ್ಟು ಕರಗಲು ಸುಮಾರು 1600 ವರ್ಷ ಬೇಕು.

ಇನ್ನು ಎಲ್ಲರೂ ಎಡವುವ ಹಂತ, ಶುಚಿಗೊಳಿಸುವುದು. ಉಪಕರಣ ಕೈಗೆ ಬಂದಾಗ ಹೇಗಿತ್ತೋ ಹಾಗೆಯೇ ಎಲ್ಲ ಬದಿಗಳ ಚಿತ್ರ ತೆಗೆಯಿರಿ. ಬಳಿಕ ಕೋಣೆಯ ದೀಪ ಆರಿಸಿ, ಟಾರ್ಚನ್ನು ಲೋಹದ ಮೈಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಹಿಡಿದು ನಿಧಾನವಾಗಿ ಸುತ್ತ ತಿರುಗಿಸಿ. ನೇರ ಬೆಳಕಿನಲ್ಲಿ ಕಾಣದ ಮೊಹರು ಓರೆ ಬೆಳಕಿನ ನೆರಳಿನಲ್ಲಿ ಎದ್ದು ಕಾಣುತ್ತದೆ. ಎಷ್ಟೋ ಸಲ ಇಲ್ಲಿಯೇ ಉತ್ತರ ಸಿಕ್ಕಿ, ಉಜ್ಜುವ ಅಗತ್ಯವೇ ಬೀಳುವುದಿಲ್ಲ.

ಬಣ್ಣ ಉಳಿದಿದ್ದರೆ ಉಗುರುಬೆಚ್ಚಗಿನ ಸೋಪಿನ ನೀರು, ಮೃದುವಾದ ಬ್ರಷ್, ತಕ್ಷಣ ಒಣಬಟ್ಟೆ: ಇಷ್ಟು ಸಾಕು. ಬಣ್ಣವಿಲ್ಲದ ಉಕ್ಕಾದರೆ ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಸಿಟ್ಟು ನೈಲಾನ್ ಬ್ರಷ್‌ನಿಂದ ಉಜ್ಜಿ. ಮೊಹರಿನ ಸಂದುಗಳಲ್ಲಿ ಗಟ್ಟಿಯಾದ ಗ್ರೀಸನ್ನು ಚೂಪು ಮಾಡಿದ ಬಿದಿರುಕಡ್ಡಿಯಿಂದ ಬಿಡಿಸಿ. ಸೂಜಿ ಬೇಡ, ಅದು ಗೀರುತ್ತದೆ. ಒಣಗಿದ ಮೇಲೆ ಸೀಮೆಸುಣ್ಣದ ಪುಡಿಯನ್ನು ಸವರಿ ಮೇಲ್ಮೈಯನ್ನಷ್ಟೇ ಒರೆಸಿದರೆ ಪುಡಿ ಅಕ್ಷರಗಳ ತಗ್ಗಿನಲ್ಲಿ ನಿಂತು ಓದಲು ಬರುತ್ತದೆ. ತುಕ್ಕು ತೆಗೆಯುವ ಆಮ್ಲದ ದ್ರಾವಣಗಳನ್ನು ನಾನು ಯಾರಿಗೂ ಹೇಳುವುದಿಲ್ಲ. 'ಐದೇ ನಿಮಿಷದಲ್ಲಿ ಹೊಸದರಂತೆ' ಎಂದು ಮಾರುವ ಬಾಟಲಿಗಳು ಆಳವಿಲ್ಲದ ಮೊಹರಿನ ಅಂಚನ್ನೇ ತಿಂದುಹಾಕುತ್ತವೆ.

ಮಂಕು ಬೂದು ಬಣ್ಣದ ಲೇಪನ ಕಂಡರೆ ಸ್ಯಾಂಡ್‌ಪೇಪರ್ ಹಚ್ಚಲೇಬೇಡಿ. ಅದು ಕ್ಯಾಡ್ಮಿಯಂ ಇರಬಹುದು, ಅದರ ಧೂಳು ವಿಷ. ಯುದ್ಧಕಾಲದಲ್ಲಿ ಕ್ರೋಮ್, ನಿಕಲ್‌ಗಳಿಗೆ ಕೊರತೆಯಿದ್ದುದರಿಂದ ಅಮೆರಿಕದ ಉಪಕರಣಗಳಿಗೆ ಕ್ಯಾಡ್ಮಿಯಂ, ಕಪ್ಪು ಆಕ್ಸೈಡ್ ಅಥವಾ ಬರಿಯ ಬಣ್ಣ ಬಂತು. ಕನ್ನಡಿಯಂತೆ ಹೊಳೆಯುವ ಕ್ರೋಮ್ ಸ್ಪ್ಯಾನರನ್ನು 'ಯುದ್ಧಕಾಲದ್ದು' ಎಂದು ಮಾರುವವರನ್ನು ನಂಬುವ ಮೊದಲು ಎರಡು ಸಲ ಯೋಚಿಸಿ.

ಈಗ ಗುರುತುಗಳನ್ನು ಓದುವುದು. ಮೂರು ಗೆರೆಗಳ ಅಗಲ ಬಾಣ ಬ್ರಿಟನ್ನಿನದು. ಅದೇ ಬಾಣ ಸಿ ಅಕ್ಷರದೊಳಗಿದ್ದರೆ ಕೆನಡಾ, ಎರಡು ಡಿಗಳ ನಡುವೆ ಇದ್ದರೆ ಆಸ್ಟ್ರೇಲಿಯ, ಕೆಳಗೆ ಐ ಇದ್ದರೆ ಭಾರತ. ಆದರೆ ಬ್ರಿಟನ್ ಈ ಬಾಣವನ್ನು ಯುದ್ಧಕ್ಕೆ ಮೊದಲೂ ಆಮೇಲೂ ಒತ್ತಿದೆ. ಇಸವಿಯಿಲ್ಲದ ಬಾಣದಿಂದ ಕಾಲ ತಿಳಿಯುವುದಿಲ್ಲ. ಜರ್ಮನಿಯ ವಸ್ತುಗಳಲ್ಲಿ ಸಂಖ್ಯೆಯೊಂದಿಗೆ ಹದ್ದಿನ ಮೊಹರು, 1940ರ ನಂತರ ತಯಾರಕರ ಹೆಸರಿನ ಬದಲು ಸಣ್ಣ ಅಕ್ಷರಗಳ ಸಂಕೇತ ಕಾಣುತ್ತದೆ. 'ಪಶ್ಚಿಮ ಜರ್ಮನಿ' ಎಂದಿದ್ದರೆ ಅದು 1949ರ ನಂತರದ್ದು. ನ್ಯಾಟೋ ಸೇನಾ ಒಕ್ಕೂಟದ ಹದಿಮೂರು ಅಂಕಿಗಳ ದಾಸ್ತಾನು ಸಂಖ್ಯೆಯೂ ಯುದ್ಧಾನಂತರದ್ದೇ.

ಫೋರ್ಡ್ ತನ್ನ ಜೀಪ್‌ನ ಬಿಡಿಭಾಗಗಳ ಮೇಲೆ, ಬೋಲ್ಟಿನ ತಲೆಯ ಮೇಲೂ, ಎಫ್ ಅಕ್ಷರ ಒತ್ತುತ್ತಿತ್ತು. ಅಷ್ಟರಿಂದಲೇ ಫೋರ್ಡ್ ಎಂದು ಬರೆದ ಸ್ಪ್ಯಾನರ್‌ಗಳೆಲ್ಲ ಜೀಪ್‌ನವು ಎಂದು ತಿಳಿಯುವುದು ಸಾಮಾನ್ಯ ತಪ್ಪು. ಯುದ್ಧಕ್ಕೆ ಎಷ್ಟೋ ಮೊದಲೇ ಮಾಡೆಲ್ ಟಿ, ಮಾಡೆಲ್ ಎ ಕಾರುಗಳ ಜೊತೆ ಆ ಹೆಸರಿನ ಸ್ಪ್ಯಾನರ್‌ಗಳು ಬರುತ್ತಿದ್ದವು.

ಮೊಹರು ನಕಲಿಯೇ ಎಂದು ನೋಡಲು ಭೂತಗನ್ನಡಿ ಹಿಡಿಯಿರಿ. ಹಳೆಯ ಮೊಹರು ಸುತ್ತಲಿನ ಮೈಯಷ್ಟೇ ಸವೆದಿರುತ್ತದೆ, ಅದರ ತಗ್ಗಿನಲ್ಲೂ ತುಕ್ಕು ಮತ್ತು ಕೊಳೆ ಕೂತಿರುತ್ತದೆ. ಮೈಯೆಲ್ಲ ಗುಳಿಬಿದ್ದಿದ್ದು ಬಾಣ ಮಾತ್ರ ಹರಿತವಾಗಿದ್ದರೆ, ಅಂಚಿನಲ್ಲಿ ಲೋಹ ಉಬ್ಬಿ ಬೆರಳಿಗೆ ತಾಗಿದರೆ, ಆ ಬಾಣ ಇತ್ತೀಚಿನದು.

ಸ್ಪ್ಯಾನರ್ ಬಾಯಿಯ ಅಳತೆಯನ್ನು ವರ್ನಿಯರ್ ಕ್ಯಾಲಿಪರ್‌ನಿಂದಲೇ ನೋಡಿ. ಬ್ರಿಟನ್ನಿನ ಹಳೆಯ ಬೋಲ್ಟ್ ಅಳತೆಯಾದ ವಿಟ್‌ವರ್ತ್‌ನ ಸ್ಪ್ಯಾನರ್ ಮೇಲಿನ ಸಂಖ್ಯೆ ಬೋಲ್ಟಿನ ದಪ್ಪವನ್ನು ಹೇಳುತ್ತದೆ, ಬಾಯಿಯ ಅಗಲವನ್ನಲ್ಲ. 1/4 ವಿಟ್‌ವರ್ತ್, ಅಂದರೆ ಕಾಲು ಇಂಚಿನ ಬೋಲ್ಟ್, ಎಂದಿದ್ದರೂ ಬಾಯಿ ಸುಮಾರು 13.3 ಮಿಲಿಮೀಟರ್ ಇರುತ್ತದೆ. ಅಮೆರಿಕದ ಅರ್ಧ ಇಂಚಿನದು 12.7, ಮೆಟ್ರಿಕ್‌ನದು 13. ಕಣ್ಣಳತೆಗೆ ಮೂರೂ ಒಂದೇ. ಗುರುತು ಅಳಿಸಿದ ಸ್ಪ್ಯಾನರ್ ಯಾವ ದೇಶದ ವಾಹನಕ್ಕೆ ಸೇರಿತ್ತು ಎಂಬುದಕ್ಕೆ ಈ ಸಣ್ಣ ವ್ಯತ್ಯಾಸವೇ ಒಳ್ಳೆಯ ಸುಳಿವು.

ಕೊನೆಗೆ ತೆಳುವಾಗಿ ಮೇಣ ಸವರಿ ಒಣ ಜಾಗದಲ್ಲಿಡಿ, ವಾರ್ನಿಷ್ ಬೇಡ. ಎಲ್ಲಿ, ಯಾರಿಂದ, ಯಾವಾಗ ಸಿಕ್ಕಿತು ಎಂದು ಬರೆದ ಚೀಟಿಯನ್ನು ಹತ್ತಿಯ ದಾರದಿಂದ ಕಟ್ಟಿ. ಸ್ಟಿಕ್ಕರ್ ಅಂಟಿಸಬೇಡಿ, ಕೀಳುವಾಗ ಅದು ಹಳೆಯ ಬಣ್ಣವನ್ನೂ ಕಿತ್ತುಕೊಂಡು ಬರುತ್ತದೆ.